ಓದುಗರ ಪ್ರಶ್ನೆ: ಹಳೆಯ ಕಾರಿನ ಸ್ಟೀರಿಯೊಗೆ ಮ್ಯೂಸಿಕ್ ಪ್ಲೇಯರ್ ಜೋಡಿಸುವ ಬಗೆ

ಕಾರಿನ ಸ್ಟೀರಿಯೊಗೆ ಐಪಾಡ್, ಎಂಪಿ3 ಪ್ಲೇಯರ್ ಅಥವಾ ಫೋನ್ ಜೋಡಿಸುವ ವಿಷಯದಲ್ಲಿ ಬಂದ ಪತ್ರಗಳಿಗೆ ಈ ಸಂಚಿಕೆಯ ಅಂಕಣವನ್ನು ಮೀಸಲಿಟ್ಟಿದ್ದೇವೆ. ಹೊಸ ಕಾರುಗಳಲ್ಲಿ ಬ್ಲೂಟೂತ್ ಇರುವುದರಿಂದ ಆ ಬಗೆಯ ಪ್ರಶ್ನೆಗಳು ವಿರಳ. ಹತ್ತು ಹದಿನೈದು ವರ್ಷ ಹಳೆಯ ಗಾಡಿಗಳನ್ನು ಇಟ್ಟುಕೊಂಡವರದೇ ಹೆಚ್ಚಿನ ಪತ್ರಗಳು.

ಪ್ರಶ್ನೆ: ನಮ್ಮ ಮನೆಯಲ್ಲಿ 2004ರಲ್ಲಿ ಕೊಂಡ ಸಣ್ಣ ಕಾರು ಇನ್ನೂ ಚೆನ್ನಾಗಿ ಓಡುತ್ತಿದೆ. ಅದರ ಸ್ಟೀರಿಯೊದಲ್ಲಿ ಕ್ಯಾಸೆಟ್ ಮತ್ತು ರೇಡಿಯೊ ಬಿಟ್ಟರೆ ಬೇರೇನೂ ಇಲ್ಲ. ತಂದೆಯವರ ಯಕ್ಷಗಾನ ಮತ್ತು ಸುಗಮ ಸಂಗೀತದ ಕ್ಯಾಸೆಟ್‌ಗಳನ್ನೆಲ್ಲ ಎಂಪಿ3 ಮಾಡಿಸಿ ಒಂದು ಹಳೆಯ ಐಪಾಡ್‌ಗೆ ತುಂಬಿದ್ದೇನೆ. ಸ್ಟೀರಿಯೊ ಬದಲಿಸಲು ತಂದೆಯವರು ಒಪ್ಪುತ್ತಿಲ್ಲ. ಎಫ್‌ಎಂ ಟ್ರಾನ್ಸ್‌ಮಿಟರ್ ಹಾಕಿದರೆ ಸಾಕು ಎಂದು ಅಂಗಡಿಯವರು ಹೇಳುತ್ತಾರೆ. ಯಾವ ದಾರಿ ಒಳ್ಳೆಯದು?
— ಓದುಗರು, ಸಾಗರ

ಉತ್ತರ: ಕ್ಯಾಸೆಟ್ ಡೆಕ್, ಅಂದರೆ ಸ್ಟೀರಿಯೊದಲ್ಲಿ ಕ್ಯಾಸೆಟ್ ನುಡಿಸುವ ಭಾಗ ಇನ್ನೂ ಓಡುವ ಸ್ಥಿತಿಯಲ್ಲಿದ್ದರೆ, ಎಫ್‌ಎಂ ಟ್ರಾನ್ಸ್‌ಮಿಟರಿಗಿಂತ ಕ್ಯಾಸೆಟ್ ಅಡಾಪ್ಟರ್ ಮೇಲು ಎಂಬುದು ನಮ್ಮ ಅಭಿಪ್ರಾಯ. ಇವೆರಡೂ ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಮುಂದೆ ಹೇಳಿದ್ದೇವೆ. ಆದರೆ ಎರಡಕ್ಕೂ ದುಡ್ಡು ಹಾಕುವ ಮೊದಲು ಸ್ಟೀರಿಯೊದ ಮುಖವನ್ನೂ ಬೆನ್ನನ್ನೂ ಒಮ್ಮೆ ಸರಿಯಾಗಿ ನೋಡುವುದು ಒಳ್ಳೆಯದು. ಮುಂಭಾಗದಲ್ಲಿ ಇಯರ್‌ಫೋನ್ ಪಿನ್ ಹೋಗುವಷ್ಟು ದೊಡ್ಡ ರಂಧ್ರವಿದ್ದು ಅದರ ಪಕ್ಕದಲ್ಲಿ ‘ಆಕ್ಸ್’ ಎಂದು ಬರೆದಿದ್ದರೆ ಹುಡುಕಾಟ ಅಲ್ಲಿಗೇ ಮುಗಿಯಿತು, ಅದು ಹೊರಗಿನ ಪ್ಲೇಯರನ್ನು ತಂತಿಯಿಂದ ನೇರವಾಗಿ ಜೋಡಿಸುವ ದಾರಿ. ಅದಿಲ್ಲದಿದ್ದರೆ, ಕಾರ್ ಎಲೆಕ್ಟ್ರಿಷಿಯನ್ ಒಬ್ಬರಿಂದ ಸ್ಟೀರಿಯೊವನ್ನು ಡ್ಯಾಶ್‌ಬೋರ್ಡ್‌ನಿಂದ ಹೊರಗೆ ಎಳೆಸಿ ಹಿಂಭಾಗ ನೋಡಿಸಿ. ಆ ಕಾಲದ ಕೆಲವು ಸ್ಟೀರಿಯೊಗಳ ಹಿಂದೆ ಕೆಂಪು ಮತ್ತು ಬಿಳಿ ಬಣ್ಣದ, ಸದ್ದಿನ ತಂತಿ ಸಿಕ್ಕಿಸುವ ದುಂಡನೆಯ ಆರ್‌ಸಿಎ ಸಾಕೆಟ್‌ಗಳು ಇರುತ್ತವೆ, ಇನ್ನು ಕೆಲವುಗಳಲ್ಲಿ ಡಿಕ್ಕಿಯಲ್ಲಿ ಕೂರಿಸುವ, ಹಲವು ಸಿಡಿಗಳನ್ನು ತುಂಬಿಡುವ ಸಿಡಿ ಚೇಂಜರಿಗೆಂದು ಬಿಟ್ಟ ಪೋರ್ಟ್ ಇರುತ್ತದೆ. ಆರ್‌ಸಿಎ ಸಾಕೆಟ್‌ಗಳ ಮೇಲೆ ‘ಇನ್’ ಎಂದಿದೆಯೋ ‘ಔಟ್’ ಎಂದಿದೆಯೋ ಎಂಬುದನ್ನು ಗಮನಿಸಬೇಕು. ‘ಔಟ್’ ಎಂದಿದ್ದರೆ ಅದು ಹೊರಗಿನ ಆಂಪ್ಲಿಫೈಯರಿಗೆ ಸದ್ದು ಕಳಿಸುವ ದಾರಿ, ನಿಮ್ಮ ಕೆಲಸಕ್ಕೆ ಬರುವುದಿಲ್ಲ. ‘ಇನ್’ ಎಂದಿದ್ದರೆ ಒಂದು ತುದಿಯಲ್ಲಿ 3.5 ಮಿ.ಮೀ. ಪಿನ್, ಇನ್ನೊಂದು ತುದಿಯಲ್ಲಿ ಎರಡು ಆರ್‌ಸಿಎ ಪಿನ್ ಇರುವ ಕೇಬಲ್ ಒಂದೇ ಸಾಕು, ಕೆಂಪು ಬಲಕ್ಕೆ, ಬಿಳಿ ಎಡಕ್ಕೆ. ಸಿಡಿ ಚೇಂಜರ್ ಪೋರ್ಟ್ ಇದ್ದರೆ ಆ ಕಂಪನಿಯ ಆ ಮಾದರಿಗೆ ಹೊಂದುವ ಆಕ್ಸ್ ಅಡಾಪ್ಟರ್ ಸಿಗುತ್ತದೆಯೇ ಎಂದು ವಿಚಾರಿಸಬಹುದು. ಬೆಂಗಳೂರಿನ ಜೆ.ಸಿ. ರಸ್ತೆಯ ಕಾರ್ ಆಕ್ಸೆಸರಿ ಅಂಗಡಿಗಳಲ್ಲಿ ಇಂಥದ್ದನ್ನು ಕೇಳಿದರೆ ಮೊದಲು ದೊಡ್ಡ ಪರದೆಯ ಹೊಸ ಸ್ಟೀರಿಯೊ ತೋರಿಸುತ್ತಾರೆ ಎನ್ನುವುದನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಿ.

ಇವೇನೂ ಇಲ್ಲದಿದ್ದರೆ ಕ್ಯಾಸೆಟ್ ಅಡಾಪ್ಟರ್. ನೋಡಲು ಅದು ಕ್ಯಾಸೆಟ್ಟೇ, ಆದರೆ ಒಳಗೆ ಟೇಪ್ ಇರುವುದಿಲ್ಲ. ಒಂದು ಮೂಲೆಯಿಂದ ತೆಳುವಾದ ತಂತಿ ಹೊರಬಂದು ಅದರ ತುದಿಯಲ್ಲಿ ಇಯರ್‌ಫೋನ್ ಪಿನ್ ಇರುತ್ತದೆ. ನಿಜವಾದ ಕ್ಯಾಸೆಟ್‌ನಲ್ಲಿ ಟೇಪಿನ ಮೇಲೆ ದಾಖಲಾದ ಕಾಂತೀಯ ಏರಿಳಿತವನ್ನು ಡೆಕ್ಕಿನ ಹೆಡ್ ಓದುತ್ತದೆ. ಅಡಾಪ್ಟರ್ ಒಳಗೂ ಅಂಥದ್ದೇ ಒಂದು ಪುಟ್ಟ ಹೆಡ್ ಇದ್ದು, ಕ್ಯಾಸೆಟ್ ಒಳಗೆ ಹೋದಾಗ ಅದು ಡೆಕ್ಕಿನ ಹೆಡ್‌ಗೆ ನೇರ ಎದುರಾಗಿ ತಾಗಿ ನಿಲ್ಲುತ್ತದೆ. ಐಪಾಡ್‌ನಿಂದ ಬರುವ ಸದ್ದಿನ ವಿದ್ಯುತ್ತು ಅದರ ಸುರುಳಿಯಲ್ಲಿ ಹರಿದಾಗ ಹುಟ್ಟುವ ಕಾಂತಕ್ಷೇತ್ರವನ್ನು ಡೆಕ್ಕು ಟೇಪಿನಿಂದ ಬಂದದ್ದೆಂದೇ ತಿಳಿದು ಓದಿಬಿಡುತ್ತದೆ. ಎರಡೂ ಹೆಡ್‌ಗಳು ಸರಿಯಾಗಿ ಎದುರುಬದುರಾಗಿ ಕೂತಷ್ಟೂ ಸದ್ದು ಸ್ವಚ್ಛ. ಆದ್ದರಿಂದ ಅಡಾಪ್ಟರ್ ಹಾಕುವ ಮೊದಲು ಡೆಕ್ಕಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಯ ಕಡ್ಡಿಯಿಂದ ಒರೆಸಿ ಒಣಗಲು ಬಿಡಿ. ಇಷ್ಟು ವರ್ಷಗಳ ಕ್ಯಾಸೆಟ್ ಓಡಾಟದಿಂದ ಅಲ್ಲಿ ಕಂದು ಬಣ್ಣದ ಪುಡಿ ಕೂತಿರುವುದು ಬಹುತೇಕ ಖಂಡಿತ. ಸ್ಟೀರಿಯೊದಲ್ಲಿ ಟೇಪಿನ ಸುಯ್ಯೆನ್ನುವ ಸದ್ದು ತಗ್ಗಿಸುವ ಡಾಲ್ಬಿ ಗುಂಡಿ ಇದ್ದರೆ ಆಫ್ ಮಾಡಿಡಿ, ಹಾಗೆ ಮಾಡದಿದ್ದರೆ ತಾಳದ ಸದ್ದೂ ಸೇರಿದಂತೆ ಮೇಲಿನ ಸ್ವರಗಳೆಲ್ಲ ಮಂಕಾಗುತ್ತವೆ.

ಅಡಾಪ್ಟರ್ ಹಾಕಿದ ಮೇಲೆ ಎರಡು ತೊಂದರೆಗಳು ಬರಬಹುದು. ಕಾರಿನ ಹೆಚ್ಚಿನ ಡೆಕ್‌ಗಳು ಒಂದು ಬದಿ ಮುಗಿದ ಕೂಡಲೇ ತಾವಾಗಿಯೇ ಇನ್ನೊಂದು ಬದಿಗೆ ತಿರುಗುವ ಬಗೆಯವು. ಒಳಗಿನ ಚಕ್ರ ತಿರುಗುತ್ತಿದೆಯೇ ಇಲ್ಲವೇ ಎಂಬುದನ್ನು ನೋಡಿ ಟೇಪ್ ಮುಗಿದಿದೆಯೆಂದು ಅವು ನಿರ್ಧರಿಸುತ್ತವೆ. ಅಡಾಪ್ಟರಿನಲ್ಲಿ ಎರಡು ಚಕ್ರಗಳನ್ನು ಸಣ್ಣ ಪ್ಲಾಸ್ಟಿಕ್ ಗಿಯರ್‌ಗಳಿಂದ ಕೂಡಿಸಿರುವುದು ಈ ಕಾರಣಕ್ಕೇ. ಅಗ್ಗದ ಅಡಾಪ್ಟರಿನ ಗಿಯರ್ ಬಿಗಿಯಾಗಿದ್ದರೆ ಡೆಕ್ಕು ಮತ್ತೆ ಮತ್ತೆ ಟಕ್ ಟಕ್ ಎಂದು ಬದಿ ತಿರುಗಿಸುತ್ತದೆ, ಇಲ್ಲವೇ ಕ್ಯಾಸೆಟ್ಟನ್ನು ಹೊರಗೆ ತಳ್ಳುತ್ತದೆ. ಅಡಾಪ್ಟರನ್ನು ಕೊಳ್ಳುವ ಮೊದಲು ಅದರ ಚಕ್ರವನ್ನು ಪೆನ್ಸಿಲ್ಲಿನಿಂದ ತಿರುಗಿಸಿ ನೋಡಿ: ಹಗುರವಾಗಿ ತಿರುಗಬೇಕು, ಕರಕರ ಎನ್ನಬಾರದು. ಇನ್ನೊಂದು ತೊಂದರೆಯೆಂದರೆ ಡೆಕ್ಕು ಹಿಂಬದಿಯ ದಿಕ್ಕಿನಲ್ಲಿ ಓಡುತ್ತಿದ್ದರೆ ಸದ್ದು ಬಹಳ ಕ್ಷೀಣವಾಗುತ್ತದೆ ಅಥವಾ ಬರುವುದೇ ಇಲ್ಲ. ಅಡಾಪ್ಟರ್ ಕೆಟ್ಟಿದೆ ಎಂದು ಹಿಂದಿರುಗಿಸಲು ಹೊರಡುವ ಮೊದಲು ದಿಕ್ಕು ಬದಲಿಸಿ ನೋಡಿ. ಗುಂಡಿ ಒತ್ತುವ ಹಳೆಯ ಡೆಕ್‌ಗಳಲ್ಲಿ ಮುಂದೋಡಿಸುವ ಮತ್ತು ಹಿಂದೋಡಿಸುವ ಗುಂಡಿಗಳೆರಡನ್ನೂ ಒಟ್ಟಿಗೆ ಮೆಲ್ಲಗೆ ಒತ್ತಿದರೆ ದಿಕ್ಕು ಬದಲಾಗುತ್ತದೆ.

ಎಫ್‌ಎಂ ಟ್ರಾನ್ಸ್‌ಮಿಟರ್ ಸಿಗರೇಟ್ ಲೈಟರ್ ಸಾಕೆಟ್‌ಗೆ ಸಿಕ್ಕಿಸುವ ಒಂದು ಪುಟಾಣಿ ಬಾನುಲಿ ಕೇಂದ್ರ. ಪ್ಲೇಯರಿನ ಸದ್ದನ್ನು ಅದು ನೀವು ಆರಿಸಿದ ತರಂಗಾಂತರದಲ್ಲಿ ಪ್ರಸಾರ ಮಾಡುತ್ತದೆ, ಕಾರಿನ ರೇಡಿಯೊ ಅದನ್ನು ಹಿಡಿಯುತ್ತದೆ. ಎಫ್‌ಎಂ ರೇಡಿಯೊಗೆ ಒಂದು ಗುಣವಿದೆ. ಒಂದೇ ತರಂಗಾಂತರದಲ್ಲಿ ಎರಡು ಸಂಕೇತಗಳು ಬಂದರೆ ಬಲವಾದದ್ದು ದುರ್ಬಲವಾದದ್ದನ್ನು ಪೂರ್ತಿ ಅಡಗಿಸಿಬಿಡುತ್ತದೆ. ನಿಮ್ಮ ಟ್ರಾನ್ಸ್‌ಮಿಟರ್ ಅತ್ಯಲ್ಪ ಶಕ್ತಿಯದು, ಎದುರಿಗೆ ಬರುವುದು ಗೋಪುರದಿಂದ ಹೊರಟ ಕಿಲೋವಾಟ್ ಲೆಕ್ಕದ ಪ್ರಸಾರ. ಬೆಂಗಳೂರಿನೊಳಗೆ 91.1, 91.9, 92.7, 93.5, 98.3, 101.3, 102.9 ಹೀಗೆ ಸಾಲಾಗಿ ಕೇಂದ್ರಗಳಿರುವಾಗ ಖಾಲಿ ಜಾಗ ಹುಡುಕುವುದೇ ಕಷ್ಟ, ಹುಡುಕಿದರೂ ಪಕ್ಕದ ಕೇಂದ್ರದ ಸದ್ದು ಒಂದು ಟ್ರಾಫಿಕ್ ಸಿಗ್ನಲ್‌ನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ನುಸುಳುತ್ತಿರುತ್ತದೆ. ನಿಮ್ಮ ಕಡೆ ಇಷ್ಟು ದಟ್ಟಣೆಯಿಲ್ಲ. ಘಟ್ಟದ ರಸ್ತೆಗಳಲ್ಲಂತೂ ಹೊರಗಿನ ಕೇಂದ್ರಗಳು ಗುಡ್ಡದ ಮರೆಗೆ ಸರಿಯುವುದರಿಂದ, ರೇಡಿಯೊ ಕೇಳಲಾಗದ ಜಾಗದಲ್ಲೇ ಟ್ರಾನ್ಸ್‌ಮಿಟರ್ ಅತ್ಯುತ್ತಮವಾಗಿ ಕೆಲಸ ಮಾಡುತ್ತದೆ. ಹಾಗಾಗಿ ಅಂಗಡಿಯವರು ಹೇಳಿದ್ದು ಸಾಗರ ಹೊಸನಗರದ ಮಟ್ಟಿಗೆ ಸುಳ್ಳಲ್ಲ, ಅದೇ ಕಾರು ತುಮಕೂರು ದಾಟಿ ಬೆಂಗಳೂರು ಹೊಕ್ಕಾಗ ಮಾತ್ರ ಮಾತು ಬೇರೆ. ಕೊಳ್ಳುವುದೇ ಆದರೆ 88ರಿಂದ 108 ಮೆಗಾಹರ್ಟ್ಸ್‌ವರೆಗೆ ಯಾವ ತರಂಗಾಂತರಕ್ಕಾದರೂ ಹೊಂದಿಸಲು ಬರುವಂಥದ್ದನ್ನೇ ಕೊಳ್ಳಿ, ನಾಲ್ಕೈದು ನಿಗದಿತ ತರಂಗಾಂತರಗಳು ಮಾತ್ರ ಇರುವುದು ಬೇಡ. ಟ್ರಾನ್ಸ್‌ಮಿಟರನ್ನು ಆಫ್ ಮಾಡಿಟ್ಟು ರೇಡಿಯೊದಲ್ಲಿ ಬರೀ ಸುಯ್ಯೆನ್ನುವ ಸದ್ದಿರುವ, ಅಕ್ಕಪಕ್ಕದಲ್ಲೂ ಕೇಂದ್ರವಿಲ್ಲದ ಜಾಗ ಹುಡುಕಿ, ಆಮೇಲೆ ಟ್ರಾನ್ಸ್‌ಮಿಟರನ್ನು ಅಲ್ಲಿಗೆ ಹೊಂದಿಸಿ. ಸಮುದಾಯ ಬಾನುಲಿ ಕೇಂದ್ರಗಳು ಸಾಮಾನ್ಯವಾಗಿ 90.4, 90.8, 107.8ರಲ್ಲಿ ಇರುವುದರಿಂದ ಆ ಮೂರನ್ನೂ ಬಿಡಿ.

ಎಫ್‌ಎಂ ಸ್ಟೀರಿಯೊ ಪ್ರಸಾರದಲ್ಲಿ ಸುಮಾರು 15 ಕಿಲೋಹರ್ಟ್ಸ್‌ಗಿಂತ ಮೇಲಿನ ಸ್ವರ ಸಾಗುವುದೇ ಇಲ್ಲ ಎಂದು ಕೆಲವರು ಹೆದರಿಸುವುದುಂಟು. ಮಾತು ನಿಜ, ಆದರೆ ಹಳೆಯ ಕ್ಯಾಸೆಟ್‌ನಿಂದ ಇಳಿಸಿಕೊಂಡ ತಾಳಮದ್ದಳೆಯಲ್ಲಿ ಅದಕ್ಕಿಂತ ಮೇಲೆ ಕಳೆದುಕೊಳ್ಳುವಂಥದ್ದು ಹೆಚ್ಚೇನೂ ಇರುವುದಿಲ್ಲ. ನಿಮ್ಮನ್ನು ಕಾಡುವುದು ಗೊರಗೊರ ಸದ್ದೇ ಹೊರತು ಈ ಮಿತಿಯಲ್ಲ. ಗಾಳಿಯಲ್ಲಿ ಪ್ರಸಾರ ಮಾಡದೆ, ಆಂಟೆನಾ ತಂತಿಗೂ ಸ್ಟೀರಿಯೊಗೂ ನಡುವೆ ಕೂರಿಸುವ ಎಫ್‌ಎಂ ಮಾಡ್ಯುಲೇಟರ್ ಎಂಬುದೊಂದಿದೆ. ಅದು ಹೊರಗಿನ ಆಂಟೆನಾವನ್ನು ಕಡಿದು ತನ್ನ ಸಂಕೇತವನ್ನು ತಂತಿಯ ಮೂಲಕವೇ ಒಳಗೆ ಕಳಿಸುವುದರಿಂದ ಪಟ್ಟಣದಲ್ಲೂ ತೊಂದರೆ ಕಡಿಮೆ. ಡೆಕ್ಕು ಪೂರ್ತಿ ಕೆಟ್ಟಿದ್ದು ತಂದೆಯವರು ಸ್ಟೀರಿಯೊ ಬಿಡಲು ಒಪ್ಪದಿದ್ದರೆ ನಾವು ಸೂಚಿಸುವುದು ಅದನ್ನೇ.

ಯಾವ ದಾರಿ ಹಿಡಿದರೂ ಐಪಾಡ್‌ನ ವಾಲ್ಯೂಮ್ ಪೂರ್ತಿ ಏರಿಸಬೇಡಿ. ಮುಕ್ಕಾಲಿನಷ್ಟಕ್ಕೆ ಇಟ್ಟು ಉಳಿದದ್ದನ್ನು ಸ್ಟೀರಿಯೊದಲ್ಲಿ ಏರಿಸುವುದು ಸರಿಯಾದ ಕ್ರಮ. ತೀರಾ ಇಳಿಸಿದರೆ ಸ್ಟೀರಿಯೊ ಏರಿಸಿದಾಗ ಸುಯ್ಯೆನ್ನುವ ಸದ್ದೂ ಏರುತ್ತದೆ, ಪೂರ್ತಿ ಏರಿಸಿದರೆ ಭಾಗವತರ ಏರುದನಿ ಒಡೆದು ಹೋಗುತ್ತದೆ. ಮೇಲಿನ ಕೆಳಗಿನ ಸ್ವರಗಳ ಪ್ರಮಾಣ ಹೊಂದಿಸುವ ಈಕ್ವಲೈಜರನ್ನು ಐಪಾಡ್ ಮತ್ತು ಸ್ಟೀರಿಯೊ ಎರಡರಲ್ಲಿ ಒಂದರಲ್ಲಿ ಮಾತ್ರ ಬಳಸಿ. ಐಪಾಡ್ ಅಗಲವಾದ 30 ಪಿನ್‌ಗಳ ಕನೆಕ್ಟರಿನ ಮಾದರಿಯಾಗಿದ್ದರೆ, ಅದರ ತಳದಿಂದ ಲೈನ್ ಔಟ್ ಕೇಬಲ್ ಮೂಲಕ ಸದ್ದು ತೆಗೆದರೆ ಇನ್ನೂ ಚೆನ್ನ, ಏಕೆಂದರೆ ಆ ದಾರಿಯಲ್ಲಿ ಐಪಾಡ್‌ನ ವಾಲ್ಯೂಮ್ ಮತ್ತು ಹೆಡ್‌ಫೋನ್ ಆಂಪ್ಲಿಫೈಯರ್ ಎರಡೂ ಪಕ್ಕಕ್ಕೆ ಸರಿಯುತ್ತವೆ.

ಪ್ರಶ್ನೆ: ಆಕ್ಸ್ ಕೇಬಲ್ ಹಾಕಿ ಹಾಡು ಹಚ್ಚಿದರೆ ವಾದ್ಯಗಳು ಮಾತ್ರ ಕೇಳಿಸುತ್ತವೆ, ಹಾಡುವವರ ದನಿ ಎಲ್ಲೋ ಬಾವಿಯಲ್ಲಿ ಇದ್ದಂತೆ ಕೇಳುತ್ತದೆ. ಅದೇ ಹಾಡು ಇಯರ್‌ಫೋನ್‌ನಲ್ಲಿ ಸರಿಯಾಗಿದೆ. ಸ್ಪೀಕರ್ ಹೋಗಿದೆ, ನಾಲ್ಕನ್ನೂ ಬದಲಿಸಬೇಕು ಎಂದು ಮೆಕ್ಯಾನಿಕ್ ಹೇಳಿದ್ದಾರೆ.
— ಓದುಗರು, ದಾವಣಗೆರೆ

ಉತ್ತರ: ಸ್ಪೀಕರ್ ಬದಲಿಸಬೇಡಿ. ಇದು ಪಿನ್ನಿನ ತೊಂದರೆ. ಆಕ್ಸ್ ಪಿನ್ನನ್ನು ಹತ್ತಿರದಿಂದ ನೋಡಿದರೆ ಲೋಹದ ಕಡ್ಡಿಯ ಮೇಲೆ ಎರಡು ಕಪ್ಪು ಉಂಗುರಗಳು ಕಾಣುತ್ತವೆ. ಅವು ಕಡ್ಡಿಯನ್ನು ಮೂರು ಭಾಗ ಮಾಡುತ್ತವೆ: ತುದಿ ಎಡ ಸ್ಪೀಕರಿನದು, ನಡುವಿನದು ಬಲದ್ದು, ಬುಡದ್ದು ಎರಡಕ್ಕೂ ಸಾಮಾನ್ಯವಾದ ಗ್ರೌಂಡ್, ಅಂದರೆ ವಿದ್ಯುತ್ತು ಮರಳುವ ದಾರಿ. ಪಿನ್ ಅರ್ಧ ಮಾತ್ರ ಒಳಗೆ ಹೋಗಿದ್ದರೆ ಅಥವಾ ಕೇಬಲ್ಲಿನೊಳಗೆ ಗ್ರೌಂಡಿನ ಎಳೆ ಕಡಿದಿದ್ದರೆ ಸ್ಟೀರಿಯೊಗೆ ತಲುಪುವುದು ಎಡ ಮತ್ತು ಬಲಗಳ ನಡುವಿನ ವ್ಯತ್ಯಾಸ ಮಾತ್ರ. ಹಾಡುಗಳನ್ನು ಧ್ವನಿಮುದ್ರಿಸುವಾಗ ಗಾಯಕರ ದನಿಯನ್ನು ನಡುವೆ, ಅಂದರೆ ಎರಡೂ ಕಡೆ ಸಮನಾಗಿ ಇಡುತ್ತಾರೆ, ಪಿಟೀಲು ಕೊಳಲುಗಳನ್ನು ಆಚೀಚೆ ಹಂಚುತ್ತಾರೆ. ಸಮನಾಗಿರುವುದರಲ್ಲಿ ವ್ಯತ್ಯಾಸವಿಲ್ಲವಾದ್ದರಿಂದ ದನಿ ಅಳಿಸಿಹೋಗಿ ವಾದ್ಯಗಳು ಉಳಿಯುತ್ತವೆ.

ಮೊದಲು ಫೋನಿನ ಹಿಂಗವಚ ತೆಗೆದು ಪಿನ್ನನ್ನು ಪೂರ್ತಿ ಒತ್ತಿ ನೋಡಿ. ದಪ್ಪ ಬುಡದ ಪಿನ್ನುಗಳು ಕವಚಕ್ಕೆ ತಡೆದು ಅರ್ಧಕ್ಕೇ ನಿಲ್ಲುವುದು ಸಾಮಾನ್ಯ. ಆಮೇಲೆ ಸ್ಟೀರಿಯೊ ಕಡೆಯ ರಂಧ್ರದಲ್ಲಿ ಧೂಳು ಕೂತಿದೆಯೇ ನೋಡಿ. ಅದೂ ಸರಿಯಿದ್ದರೆ ಕೇಬಲ್ ಬದಲಿಸಿ. ಹೊಸ ಕೇಬಲ್ಲಿನಲ್ಲಿ ಮೂರು ಕಪ್ಪು ಉಂಗುರಗಳಿದ್ದರೆ ಅದು ಮೈಕ್ ಇರುವ ಇಯರ್‌ಫೋನಿಗಾಗಿ ಮಾಡಿದ ನಾಲ್ಕು ಭಾಗದ ಪಿನ್, ಕೆಲವು ಸ್ಟೀರಿಯೊಗಳಲ್ಲಿ ಅದರ ಗ್ರೌಂಡ್ ಸರಿಯಾಗಿ ಕೂಡದೆ ಇದೇ ತೊಂದರೆ ಮತ್ತೆ ಕಾಣಿಸುತ್ತದೆ. ಎರಡು ಉಂಗುರದ್ದನ್ನೇ ಕೇಳಿ ಪಡೆಯಿರಿ.

ಪ್ರಶ್ನೆ: ಫೋನನ್ನು ಆಕ್ಸ್‌ಗೆ ಜೋಡಿಸಿ ಕೇಳುವಾಗ ಸದ್ದು ಚೆನ್ನಾಗಿರುತ್ತದೆ. ಅದೇ ಫೋನನ್ನು ಚಾರ್ಜಿಗೆ ಹಾಕಿದ ತಕ್ಷಣ ಕೀಂ ಎಂಬ ಸದ್ದು ಸೇರಿಕೊಳ್ಳುತ್ತದೆ. ಆಕ್ಸಿಲರೇಟರ್ ತುಳಿದಂತೆಲ್ಲ ಅದರ ಸ್ವರವೂ ಏರುತ್ತದೆ. ಎರಡು ಚಾರ್ಜರ್ ಬದಲಿಸಿದರೂ ಹೋಗಲಿಲ್ಲ.
— ಓದುಗರು, ತುಮಕೂರು

ಉತ್ತರ: ಆಕ್ಸಿಲರೇಟರ್ ಜೊತೆಗೆ ಸ್ವರ ಏರುತ್ತದೆ ಎಂದು ನೀವು ಗಮನಿಸಿ ಬರೆದದ್ದರಿಂದ ಅರ್ಧ ಉತ್ತರ ಪ್ರಶ್ನೆಯಲ್ಲೇ ಸಿಕ್ಕಿತು. ಆ ಸದ್ದು ಎಂಜಿನ್ನಿನಿಂದ ತಿರುಗಿ ವಿದ್ಯುತ್ತು ಹುಟ್ಟಿಸುವ ಆಲ್ಟರ್ನೇಟರಿನದು. ಕಾರಿನಲ್ಲಿ ಬ್ಯಾಟರಿಯ ಋಣ ತುದಿ ಗಾಡಿಯ ಲೋಹದ ಮೈಗೆ, ಅಂದರೆ ‘ಬಾಡಿ’ಗೆ ಜೋಡಣೆಯಾಗಿರುತ್ತದೆ, ಎಲ್ಲ ಸಾಧನಗಳ ವಿದ್ಯುತ್ತೂ ಬಾಡಿಯ ಮೂಲಕವೇ ಬ್ಯಾಟರಿಗೆ ಮರಳುತ್ತದೆ. ಬಾಡಿ ಲೋಹದ್ದೇ ಆದರೂ ಅದಕ್ಕೂ ಅಲ್ಪಸ್ವಲ್ಪ ರೋಧವಿದೆ, ತಂತಿಗಳಿಗೂ ಇದೆ. ಆದ್ದರಿಂದ ಸಿಗರೇಟ್ ಲೈಟರ್ ಸಾಕೆಟ್ ಇರುವಲ್ಲಿನ ಗ್ರೌಂಡ್ ಮತ್ತು ಸ್ಟೀರಿಯೊದ ಗ್ರೌಂಡ್ ನಡುವೆ ಅತಿ ಸಣ್ಣ ವೋಲ್ಟೇಜ್ ವ್ಯತ್ಯಾಸ ಇದ್ದೇ ಇರುತ್ತದೆ ಮತ್ತು ಆಲ್ಟರ್ನೇಟರಿನ ಏರಿಳಿತಕ್ಕೆ ತಕ್ಕಂತೆ ಅದೂ ಏರಿಳಿಯುತ್ತದೆ. ಫೋನು ಆಕ್ಸ್‌ಗೆ ಮಾತ್ರ ಸೇರಿದ್ದಾಗ ಈ ವ್ಯತ್ಯಾಸಕ್ಕೆ ಹರಿಯಲು ದಾರಿಯಿಲ್ಲ. ಚಾರ್ಜರ್ ಹಾಕಿದಾಗ ಸಾಕೆಟ್‌ನಿಂದ ಚಾರ್ಜರ್, ಅಲ್ಲಿಂದ ಫೋನ್, ಫೋನಿನಿಂದ ಆಕ್ಸ್ ಕೇಬಲ್ಲಿನ ಗ್ರೌಂಡ್, ಅಲ್ಲಿಂದ ಸ್ಟೀರಿಯೊ ಎಂದು ಒಂದು ಸುತ್ತು ಪೂರ್ತಿಯಾಗುತ್ತದೆ. ಸಂಗೀತ ಹರಿಯುವ ಅದೇ ತಂತಿಯಲ್ಲಿ ಈ ಅನಗತ್ಯ ವಿದ್ಯುತ್ತೂ ಹರಿದು ಸ್ಟೀರಿಯೊ ಅದನ್ನೂ ವರ್ಧಿಸುತ್ತದೆ. ಇದಕ್ಕೆ ಗ್ರೌಂಡ್ ಲೂಪ್ ಎನ್ನುತ್ತಾರೆ. ಚಾರ್ಜರ್ ಬದಲಿಸಿದರೂ ಸುತ್ತು ಹಾಗೆಯೇ ಉಳಿಯುವುದರಿಂದ ನಿಮಗೆ ಪ್ರಯೋಜನವಾಗಲಿಲ್ಲ.

ಸುತ್ತನ್ನು ಎಲ್ಲಿಯಾದರೂ ಕಡಿಯಬೇಕು. ದುಡ್ಡಿಲ್ಲದ ದಾರಿಯೆಂದರೆ ಫೋನನ್ನು ಪವರ್ ಬ್ಯಾಂಕಿನಿಂದ ಚಾರ್ಜ್ ಮಾಡುವುದು. ಪವರ್ ಬ್ಯಾಂಕ್ ಕಾರಿಗೆ ಸೇರಿಲ್ಲವಾದ್ದರಿಂದ ಸುತ್ತೇ ಆಗುವುದಿಲ್ಲ. ಸ್ಟೀರಿಯೊದಲ್ಲೇ ಯುಎಸ್‌ಬಿ ಇದ್ದರೆ ಅದರಿಂದ ಚಾರ್ಜ್ ಮಾಡಿದರೂ ಎರಡು ಗ್ರೌಂಡುಗಳು ಒಂದೇ ಕಡೆ ಸೇರುವುದರಿಂದ ಸದ್ದು ಬಹಳ ಮಟ್ಟಿಗೆ ಇಳಿಯುತ್ತದೆ, ಚಾರ್ಜಿಂಗ್ ಮಾತ್ರ ನಿಧಾನ. ಇವೆರಡೂ ಆಗದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಬೆಂಕಿಪೊಟ್ಟಣದಷ್ಟು ಗಾತ್ರದ ಸಾಧನವನ್ನು ಆಕ್ಸ್ ಕೇಬಲ್ಲಿನ ನಡುವೆ ಹಾಕಿ. ಅದರೊಳಗೆ ಎಡಕ್ಕೊಂದು ಬಲಕ್ಕೊಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಸದ್ದು ಕಾಂತಕ್ಷೇತ್ರದ ಮೂಲಕ ಆಚೆಗೆ ದಾಟುತ್ತದೆ, ಎರಡು ಬದಿಗಳ ಗ್ರೌಂಡುಗಳಿಗೆ ಮಾತ್ರ ನೇರ ಸಂಪರ್ಕ ತಪ್ಪುತ್ತದೆ. ತೀರಾ ಅಗ್ಗದ್ದರಲ್ಲಿ ಟ್ರಾನ್ಸ್‌ಫಾರ್ಮರ್ ಸಣ್ಣದಾದ್ದರಿಂದ ಮೃದಂಗದ ಎಡಗೈಯ ಗುಂ ಎಂಬ ಕೆಳಸ್ವರ ತೆಳುವಾಗುತ್ತದೆ. ಕೊಳ್ಳುವಾಗ ನಿಮ್ಮದೇ ಕಾರಿನಲ್ಲಿ ಹಾಕಿ ಕೇಳಿ ತೆಗೆದುಕೊಳ್ಳಲು ಅಂಗಡಿಯವರು ಒಪ್ಪಿದರೆ ಒಳ್ಳೆಯದು.

ಚಾರ್ಜರ್ ತೆಗೆದರೂ ಕೀಂ ಎನ್ನುವ ಸದ್ದು ಉಳಿಯುತ್ತದೆ ಎಂದು ಬೇರೆ ಕೆಲವರು ಬರೆದಿದ್ದಾರೆ. ಅಲ್ಲಿ ಸ್ಟೀರಿಯೊದ ಗ್ರೌಂಡಿನ ಮೇಲೆಯೇ ಅನುಮಾನ. ಹೊರಗಿನಿಂದ ಕೊಂಡು ಹಾಕಿಸುವ ಸ್ಟೀರಿಯೊಗಳಲ್ಲಿ ಸಾಮಾನ್ಯವಾಗಿ ಹಳದಿ ತಂತಿ ಬ್ಯಾಟರಿಯ ನಿರಂತರ 12 ವೋಲ್ಟ್, ಕೆಂಪು ತಂತಿ ಕೀಲಿ ತಿರುಗಿಸಿದಾಗ ಬರುವ 12 ವೋಲ್ಟ್, ಕಪ್ಪು ಗ್ರೌಂಡ್. ಕಪ್ಪು ತಂತಿಯನ್ನು ಬಣ್ಣ ಬಳಿದ ತಗಡಿಗೆ ಸ್ಕ್ರೂ ಹಾಕಿ ಬಿಗಿದಿದ್ದರೆ ಸಂಪರ್ಕ ಅರೆಬರೆಯಾಗಿರುತ್ತದೆ. ಆ ಜಾಗದ ಬಣ್ಣವನ್ನು ಉಪ್ಪುಕಾಗದದಿಂದ ಕೆರೆದು ಹೊಳೆಯುವ ಲೋಹಕ್ಕೆ ಬಿಗಿದರೆ ಎಷ್ಟೋ ಸಲ ಸದ್ದು ಅಡಗುತ್ತದೆ. ಚಾರ್ಜರ್ ಹಾಕಿರುವಾಗ ಎಂಜಿನ್ ಆರಿಸಿದ ಮೇಲೂ ಒಂದೇ ಸ್ವರದಲ್ಲಿ ಸದ್ದು ಮುಂದುವರಿದರೆ ಅದು ಆಲ್ಟರ್ನೇಟರಿನದಲ್ಲ, ಚಾರ್ಜರಿನೊಳಗಿನ ಸರ್ಕಿಟ್ಟಿನದು. ಆಗ ಮಾತ್ರ ಚಾರ್ಜರ್ ಬದಲಿಸುವುದರಲ್ಲಿ ಅರ್ಥವಿದೆ.

ಪ್ರಶ್ನೆ: ನನ್ನ ಸ್ಟೀರಿಯೊದಲ್ಲಿ ಯುಎಸ್‌ಬಿ ಇದೆ. ಹೊಸದಾಗಿ ಕೊಂಡ 64 ಜಿಬಿ ಪೆನ್‌ಡ್ರೈವ್ ಓದುವುದೇ ಇಲ್ಲ. ಹಳೆಯ ಪೆನ್‌ಡ್ರೈವ್ ಓದುತ್ತದೆ, ಆದರೆ ಕನ್ನಡದಲ್ಲಿ ಕೊಟ್ಟ ಹಾಡಿನ ಹೆಸರುಗಳೆಲ್ಲ ಚೌಕ ಚೌಕವಾಗಿ ಕಾಣುತ್ತವೆ, ಹಾಡುಗಳ ಕ್ರಮವೂ ಅಡ್ಡಾದಿಡ್ಡಿ. ಫೋನನ್ನು ಜೋಡಿಸಿದರೆ ಚಾರ್ಜ್ ಆಗುತ್ತದೆಯೇ ಹೊರತು ಹಾಡು ಬರುವುದಿಲ್ಲ.
— ಓದುಗರು, ಹುಬ್ಬಳ್ಳಿ

ಉತ್ತರ: 64 ಜಿಬಿ ಮತ್ತು ಅದಕ್ಕೂ ದೊಡ್ಡ ಪೆನ್‌ಡ್ರೈವ್‌ಗಳು ಹೆಚ್ಚಾಗಿ, ಕಡತಗಳನ್ನು ಜೋಡಿಸಿಡುವ ಎಕ್ಸ್‌ಫ್ಯಾಟ್ ಎಂಬ ಕ್ರಮದಲ್ಲಿ ಫಾರ್ಮ್ಯಾಟ್ ಆಗಿ ಬರುತ್ತವೆ. ಹಳೆಯ ಸ್ಟೀರಿಯೊಗಳಿಗೆ ತಿಳಿಯುವುದು ಫ್ಯಾಟ್32 ಎಂಬ ಹಳೆಯ ಕ್ರಮ ಮಾತ್ರ. ದೊಡ್ಡದನ್ನು ಫ್ಯಾಟ್32ಕ್ಕೆ ಬದಲಿಸಲು ಬೇರೆ ತಂತ್ರಾಂಶಗಳು ಸಿಗುತ್ತವೆ, ಆದರೂ ನಮ್ಮ ಸಲಹೆ 16 ಅಥವಾ 32 ಜಿಬಿಯದನ್ನೇ ಬಳಸಿ ಎಂಬುದು. 128 ಕೆಬಿಪಿಎಸ್‌ನ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ನಿಮಿಷಕ್ಕೆ ಸುಮಾರು ಒಂದು ಎಂಬಿ ಜಾಗ ಹಿಡಿಯುತ್ತದೆ. ಐದು ನಿಮಿಷದ ಹಾಡುಗಳಾದರೆ 16 ಜಿಬಿಯಲ್ಲಿ ಮೂರು ಸಾವಿರದಷ್ಟು ಹಾಡುಗಳು ಹಿಡಿಯುತ್ತವೆ. ಪುಟ್ಟ ಪರದೆಯಲ್ಲಿ ಗುಂಡಿ ಒತ್ತೊತ್ತಿ ಅಷ್ಟರಲ್ಲಿ ಒಂದನ್ನು ಹುಡುಕುವುದೇ ಸಾಹಸ. ಫಾರ್ಮ್ಯಾಟ್ ಮಾಡಿದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ, ಮೊದಲೇ ಕಂಪ್ಯೂಟರಿನಲ್ಲಿ ಪ್ರತಿ ಇಟ್ಟುಕೊಳ್ಳಿ.

ಚೌಕಗಳು ಕಾಣುವುದಕ್ಕೆ ಸ್ಟೀರಿಯೊದೊಳಗೆ ಕನ್ನಡದ ಫಾಂಟ್ ಇಲ್ಲದಿರುವುದು ಕಾರಣ, ಅದನ್ನು ಸೇರಿಸಲು ಬಳಕೆದಾರರಿಗೆ ದಾರಿ ಇರುವುದಿಲ್ಲ. ಬೇಸರದ ಮಾತೇ, ಆದರೆ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದು ಬಿಟ್ಟರೆ ಬೇರೆ ಉಪಾಯವಿಲ್ಲ. ಕಡತದ ಹೆಸರು ಬದಲಿಸಿದ ಮೇಲೂ ಚೌಕಗಳೇ ಕಂಡರೆ, ಪರದೆಯಲ್ಲಿ ಬರುತ್ತಿರುವುದು ಕಡತದ ಹೆಸರಲ್ಲ, ಎಂಪಿ3ಯೊಳಗೆ ಹಾಡಿನ ವಿವರ ಹೊತ್ತು ಅಡಗಿರುವ ಐಡಿ3 ಟ್ಯಾಗ್. ಕಂಪ್ಯೂಟರಿನಲ್ಲಿ ಟ್ಯಾಗ್ ತಿದ್ದುವ ತಂತ್ರಾಂಶದಿಂದ ಅದನ್ನೂ ಬದಲಿಸಬೇಕು. ಕ್ರಮದ ವಿಷಯ ಸ್ವಲ್ಪ ವಿಚಿತ್ರ. ಅನೇಕ ಸ್ಟೀರಿಯೊಗಳು ಅಕ್ಷರಮಾಲೆಯ ಕ್ರಮವನ್ನು ಲೆಕ್ಕಿಸದೆ, ಪೆನ್‌ಡ್ರೈವ್‌ಗೆ ಕಡತಗಳು ಬರೆಯಲ್ಪಟ್ಟ ಕ್ರಮದಲ್ಲೇ ನುಡಿಸುತ್ತವೆ. ಪ್ರಸಂಗವೊಂದರ ಭಾಗಗಳಂತೆ ಕ್ರಮ ತಪ್ಪಬಾರದ ಕಡತಗಳಿದ್ದರೆ 01, 02 ಎಂದು ಹೆಸರಿನ ಮೊದಲು ಅಂಕಿ ಹಾಕಿ, ಖಾಲಿ ಪೆನ್‌ಡ್ರೈವ್‌ಗೆ ಅದೇ ಕ್ರಮದಲ್ಲಿ ಒಂದೊಂದಾಗಿ ನಕಲಿಸಿ. ಆಮೇಲೆ ನಡುವಿನ ಒಂದನ್ನು ಅಳಿಸಿ ಹೊಸದು ಸೇರಿಸಿದರೆ ಕ್ರಮ ಮತ್ತೆ ಕೆಡಬಹುದು.

ಫೋನಿನಲ್ಲಿ ಹಾಡು ಬಾರದಿರುವುದು ಕೆಟ್ಟುಹೋದದ್ದರಿಂದಲ್ಲ. ಸ್ಟೀರಿಯೊ ತನಗೆ ಜೋಡಿಸಿದ್ದು ಪೆನ್‌ಡ್ರೈವ್‌ನಂತೆ ವರ್ತಿಸಲಿ ಎಂದು ಕಾಯುತ್ತದೆ. ಆಂಡ್ರಾಯ್ಡ್ ಫೋನುಗಳು ಈಗ ಹಾಗೆ ವರ್ತಿಸದೆ ಎಂಟಿಪಿ ಎಂಬ ಬೇರೆ ಕ್ರಮದಲ್ಲಿ ಮಾತಾಡುತ್ತವೆ. ಕೆಲವು ಎಂಪಿ3 ಪ್ಲೇಯರ್‌ಗಳ ಸೆಟ್ಟಿಂಗ್‌ನಲ್ಲಿ ಎಂಟಿಪಿ ಬದಲು ‘ಮಾಸ್ ಸ್ಟೋರೇಜ್’ ಆರಿಸಿಕೊಳ್ಳಲು ಬರುತ್ತದೆ, ಆಗ ಅವು ಸ್ಟೀರಿಯೊಗೆ ಪೆನ್‌ಡ್ರೈವ್ ಆಗಿಯೇ ಕಾಣುತ್ತವೆ. ಫೋನಿನಲ್ಲಿ ಆ ಅನುಕೂಲ ಇಲ್ಲವಾದ್ದರಿಂದ ಆಕ್ಸ್ ಅಥವಾ ಬ್ಲೂಟೂತ್ ಹಿಡಿಯಬೇಕು.

ಪ್ರಶ್ನೆ: ಹೊಸ ಫೋನಿನಲ್ಲಿ ಇಯರ್‌ಫೋನ್ ರಂಧ್ರವೇ ಇಲ್ಲ. ಟೈಪ್ ಸಿಯಿಂದ 3.5 ಮಿ.ಮೀ.ಗೆ ಬದಲಿಸುವ ಅಡಾಪ್ಟರ್ ತಂದರೆ ಗೆಳೆಯನ ಫೋನಿನಲ್ಲಿ ಕೆಲಸ ಮಾಡುತ್ತದೆ, ನನ್ನದರಲ್ಲಿ ಇಲ್ಲ. ಬ್ಲೂಟೂತ್ ರಿಸೀವರ್ ಹಾಕುವುದು ಒಳ್ಳೆಯದೇ?
— ಓದುಗರು, ಮಂಗಳೂರು

ಉತ್ತರ: ಟೈಪ್ ಸಿ ಅಡಾಪ್ಟರ್‌ಗಳಲ್ಲಿ ಎರಡು ಜಾತಿ, ಹೊರನೋಟಕ್ಕೆ ಎರಡೂ ಒಂದೇ. ಒಂದರಲ್ಲಿ ಬರೀ ತಂತಿಗಳಿರುತ್ತವೆ; ಫೋನು ತಾನೇ ಅನಲಾಗ್ ಸದ್ದನ್ನು ಹೊರಗೆ ಕೊಟ್ಟರೆ ಮಾತ್ರ ಅದು ಕೆಲಸ ಮಾಡುತ್ತದೆ. ಇನ್ನೊಂದರಲ್ಲಿ ಡಿಜಿಟಲ್ ಸಂಕೇತವನ್ನು ಸದ್ದಾಗಿ ಬದಲಿಸುವ ಡಿಎಸಿ ಚಿಪ್ ಇರುತ್ತದೆ. ನಿಮ್ಮ ಫೋನು ಅನಲಾಗ್ ಕೊಡದ ಬಗೆಯದು, ಆದ್ದರಿಂದ ಡಿಎಸಿ ಇರುವ ಅಡಾಪ್ಟರ್ ಎಂದೇ ಕೇಳಿ ಕೊಳ್ಳಬೇಕು.

ಬ್ಲೂಟೂತ್ ರಿಸೀವರ್ ಆಕ್ಸ್ ರಂಧ್ರಕ್ಕೆ ಸಿಕ್ಕಿಸುವ ಸಾಧನ. ಸದ್ದನ್ನು ಕುಗ್ಗಿಸಿ ಕಳಿಸುವುದರಿಂದ ಗುಣಮಟ್ಟ ಸ್ವಲ್ಪ ಇಳಿಯುತ್ತದೆಂಬುದು ನಿಜವಾದರೂ, ಟಯರಿನ ಸದ್ದು, ಗಾಳಿ, ಹಿಂದಿನ ಬಸ್ಸಿನ ಹಾರ್ನ್ ಇವುಗಳ ನಡುವೆ ಆ ವ್ಯತ್ಯಾಸ ಗುರುತಿಸುವವರು ಕಡಿಮೆ. ಫೋನು ಕಿಸೆಯಲ್ಲೇ ಇರಬಹುದಾದ ಅನುಕೂಲದ ಮುಂದೆ ನಾವಂತೂ ಅದನ್ನು ದೊಡ್ಡದು ಮಾಡುವುದಿಲ್ಲ. ಆದರೆ ರಿಸೀವರನ್ನು ಲೈಟರ್ ಸಾಕೆಟ್‌ನಿಂದ ಚಾರ್ಜ್ ಮಾಡುತ್ತಲೇ ಆಕ್ಸ್‌ಗೂ ಸೇರಿಸಿದರೆ ತುಮಕೂರಿನ ಓದುಗರಿಗೆ ಬಂದ ತೊಂದರೆಯೇ ನಿಮಗೂ ಬರಬಹುದು. ಒಳಗೆ ಸ್ವಂತ ಬ್ಯಾಟರಿ ಇರುವ ರಿಸೀವರ್ ಕೊಂಡು ಮನೆಯಲ್ಲೇ ಚಾರ್ಜ್ ಮಾಡಿಕೊಳ್ಳಿ. ಅದರ ವಾಲ್ಯೂಮ್ ಮತ್ತು ಫೋನಿನ ವಾಲ್ಯೂಮ್ ಬೇರೆ ಬೇರೆಯಾಗಿರುವುದು ಸಾಧ್ಯ. ಸದ್ದು ಕಡಿಮೆ ಎನಿಸಿದರೆ ಎರಡನ್ನೂ ನೋಡಿ.

ಪ್ರಶ್ನೆ: ಎಂಪಿ3 ಪ್ಲೇಯರನ್ನು ಬೇಸಿಗೆಯಲ್ಲಿ ಕಾರಿನಲ್ಲೇ ಬಿಟ್ಟು ಹೋಗಬಹುದೇ?
— ಓದುಗರು, ಕಲಬುರಗಿ

ಉತ್ತರ: ಬೇಡ. ನಿಮ್ಮಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಗಾಜು ಏರಿಸಿ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ, ಅದರಲ್ಲೂ ಡ್ಯಾಶ್‌ಬೋರ್ಡ್ ಮೇಲೆ, ಅದಕ್ಕಿಂತ ಬಹಳ ಹೆಚ್ಚು. ಐಪಾಡ್ ಮತ್ತು ಐಫೋನ್‌ಗಳನ್ನು 45 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಇಡಬಾರದೆಂದು ತಯಾರಕರೇ ಹೇಳುತ್ತಾರೆ, ಲಿಥಿಯಂ ಬ್ಯಾಟರಿ ಇರುವ ಬೇರೆ ಪ್ಲೇಯರುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಬಿಸಿಗೆ ಬ್ಯಾಟರಿ ಬೇಗ ಸಾಯುತ್ತದೆ, ಕೆಲವೊಮ್ಮೆ ಉಬ್ಬಿ ಪರದೆಯನ್ನೇ ಮೇಲಕ್ಕೆತ್ತುತ್ತದೆ. ಉಬ್ಬಿದ ಪ್ಲೇಯರನ್ನು ಚಾರ್ಜಿಗೆ ಹಾಕಬೇಡಿ, ಚುಚ್ಚಬೇಡಿ. ಬ್ಯಾಟರಿ ಇರುವ ಬ್ಲೂಟೂತ್ ರಿಸೀವರನ್ನೂ ಇಳಿಯುವಾಗ ಕಿಸೆಗೆ ಹಾಕಿಕೊಳ್ಳಿ. ಪೆನ್‌ಡ್ರೈವ್‌ನಲ್ಲಿ ಬ್ಯಾಟರಿ ಇಲ್ಲವಾದ್ದರಿಂದ ಅದನ್ನು ಸ್ಟೀರಿಯೊದಲ್ಲೇ ಬಿಟ್ಟರೆ ಅಂಥ ಅಪಾಯವಿಲ್ಲ. ಅದರಲ್ಲಿರುವ ಹಾಡುಗಳ ಇನ್ನೊಂದು ಪ್ರತಿ ಮನೆಯ ಕಂಪ್ಯೂಟರಿನಲ್ಲಿ ಇರಲಿ.